ಪೆಂಫಿಗಸ್ ವಲ್ಗ್ಯಾರಿಸ್, ಫೋಲಿಯೇಶಿಯಸ್, ಪೆಂಫಿಗಾಯ್ಡ್: ಇವುಗಳಲ್ಲಿ ವ್ಯತ್ಯಾಸ ಏನು? ಅಮ್ಮನಿಗೆ ಮಾತ್ರ ಯಾಕೆ ಇಷ್ಟು ಮಾತ್ರೆ?

ಅರಸೀಕೆರೆ ಹುಡುಗಿ

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 54 ವರ್ಷ. ಪೆಂಫಿಗಸ್ ವಲ್ಗ್ಯಾರಿಸ್ ಅಂತ ಬಯಾಪ್ಸಿ ರಿಪೋರ್ಟ್ ಬಂದಿದೆ. ಮೊದಲು ಬಾಯಲ್ಲಿ ಶುರುವಾಯಿತು. ಕೆನ್ನೆಯ ಒಳಗೆ, ಒಸಡಿನ ಮೇಲೆ ಹುಣ್ಣು. ಉಷ್ಣ ಆಗಿದೆ ಅಂತ ಮನೆಯಲ್ಲಿ ಎಳನೀರು, ಜೀರಿಗೆ ಕಷಾಯ. ತೋರಿಸಿದ ಕಡೆ ಬಿ ಕಾಂಪ್ಲೆಕ್ಸ್ ಮಾತ್ರೆ ಮತ್ತು ಬಾಯಿಗೆ ಹಚ್ಚುವ ಜೆಲ್. ತಿಂಗಳುಗಟ್ಟಲೆ ಹೀಗೇ ಹೋಯಿತು. ಖಾರದ ಸಾರು ಇಲ್ಲದೆ ಮುದ್ದೆ ನುಂಗದವರು, ಮಜ್ಜಿಗೆ ಅನ್ನಕ್ಕೂ ಉಪ್ಪು ಕಡಿಮೆ ಹಾಕು, ಉರಿಯುತ್ತೆ ಅನ್ನುವ ಸ್ಥಿತಿಗೆ ಬಂದರು. ಆಮೇಲೆ ಎದೆ, ಬೆನ್ನು, ಕಂಕುಳ ಹತ್ತಿರ ನೀರು ತುಂಬಿದ ಬೊಬ್ಬೆಗಳು. ಒಡೆದರೆ ಆ ಜಾಗ ಹಸಿಯಾಗೇ ಇರುತ್ತೆ, ರವಿಕೆಗೆ ಅಂಟಿಕೊಳ್ಳುತ್ತೆ.

ಈಗ ನನ್ನ ಗೊಂದಲ. ನನ್ನ ಸಹೋದ್ಯೋಗಿಯ ಚಿಕ್ಕಪ್ಪನಿಗೂ ಪೆಂಫಿಗಸ್ ಅಂತೆ, ಆದರೆ ಅವರದು ಫೋಲಿಯೇಶಿಯಸ್. ಬಾಯಲ್ಲಿ ಏನೂ ಇಲ್ಲ, ಮಾತ್ರೆಯೂ ಕಡಿಮೆ. ನಮ್ಮ ಬೀದಿಯ ಅಜ್ಜಿಗೆ ಪೆಂಫಿಗಾಯ್ಡ್, ಅವರಿಗೆ ಮುಲಾಮು ಜೊತೆಗೆ ಡಾಕ್ಸಿಸೈಕ್ಲಿನ್ ಕೊಟ್ಟಿದ್ದಾರೆ. ಅಮ್ಮನಿಗೆ ಮಾತ್ರ ಸ್ಟಿರಾಯ್ಡ್ ಜಾಸ್ತಿ ಡೋಸ್, ಅದರ ಮೇಲೆ ರಿಟುಕ್ಸಿಮ್ಯಾಬ್ ಅಂತ ಒಂದು ಡ್ರಿಪ್ ಹಾಕಬೇಕು ಅನ್ನುತ್ತಿದ್ದಾರೆ. ಇವೆಲ್ಲ ಒಂದೇ ಕಾಯಿಲೆಯಾ? ನಮ್ಮದು ಇರುವುದರಲ್ಲೇ ಕೆಟ್ಟದ್ದಾ? ಬಾಯಲ್ಲಿ ಮಾತ್ರ ಇದ್ದದ್ದು ಮೈಗೆ ಯಾಕೆ ಹರಡಿತು? ಅಣ್ಣ ಎಲ್ಲೋ ಓದಿ, ಇದು ಕ್ಯಾನ್ಸರ್‌ನಿಂದಲೂ ಬರುತ್ತಂತೆ ಅಂತ ಹೆದರಿದ್ದಾನೆ. ಮನೆಯಲ್ಲಿ ಅಮ್ಮನ ಲೋಟ ತಟ್ಟೆ ಬೇರೆ ಇಟ್ಟಿದ್ದಾರೆ, ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತೆ. ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ಚರ್ಮ ವಿಭಾಗದ ಪಿಜಿ

ಮೊದಲು ಲೋಟ ತಟ್ಟೆ ವಿಷಯ. ಇವತ್ತೇ ಒಟ್ಟಿಗೆ ಇಡಿ. ಇದು ಅಂಟುರೋಗ ಅಲ್ಲವೇ ಅಲ್ಲ. ಮುಟ್ಟಿದರೆ, ಎಂಜಲು ತಿಂದರೆ, ಬೊಬ್ಬೆಯ ನೀರು ತಾಗಿದರೆ, ಯಾವುದರಿಂದಲೂ ಬರುವುದಿಲ್ಲ. ಇದರಲ್ಲಿ ವೈರಸ್ಸೂ ಇಲ್ಲ, ಬ್ಯಾಕ್ಟೀರಿಯಾವೂ ಇಲ್ಲ. ನಮ್ಮ ದೇಹದ ರೋಗನಿರೋಧಕ ವ್ಯವಸ್ಥೆಯೇ ನಮ್ಮ ಚರ್ಮದ ಒಂದು ಪ್ರೋಟೀನನ್ನು ವೈರಿ ಅಂದುಕೊಂಡು ಅದರ ಮೇಲೆ ಬೀಳುತ್ತದೆ, ಅಷ್ಟೇ.

ಆ ಪ್ರೋಟೀನಿನ ಹೆಸರು ಡೆಸ್ಮೋಗ್ಲೀನ್. ಇಟ್ಟಿಗೆ ನಡುವಿನ ಗಾರೆಯ ಹಾಗೆ ಚರ್ಮದ ಒಂದು ಜೀವಕೋಶವನ್ನು ಇನ್ನೊಂದಕ್ಕೆ ಹಿಡಿದಿಡುವುದು ಅದರ ಕೆಲಸ. ಇದರಲ್ಲಿ ನಮಗೆ ಮುಖ್ಯವಾದವು ಎರಡು, ಡೆಸ್ಮೋಗ್ಲೀನ್ 1 ಮತ್ತು ಡೆಸ್ಮೋಗ್ಲೀನ್ 3. ನೀವು ಕೇಳಿದ್ದಕ್ಕೆಲ್ಲ ಉತ್ತರ ಈ ಎರಡರಲ್ಲೇ ಇದೆ, ಸ್ವಲ್ಪ ನಿಧಾನಕ್ಕೆ ಓದಿ.

ಬಾಯಿಯ ಒಳಪದರವನ್ನು ಹಿಡಿದಿರುವುದು ಹೆಚ್ಚಾಗಿ 3. ಅಲ್ಲಿ 1 ಬಹಳ ಕಡಿಮೆ. ಮೈಚರ್ಮದಲ್ಲಿ ಎರಡೂ ಇವೆ: ಮೇಲಿನ ಪದರಗಳಲ್ಲಿ 1 ಜಾಸ್ತಿ, ತಳದ ಹತ್ತಿರ 3 ಜಾಸ್ತಿ. ಈಗ ದೇಹ 3ರ ಮೇಲೆ ಮಾತ್ರ ಪ್ರತಿಕಾಯ, ಅಂದರೆ ಆಂಟಿಬಾಡಿ, ಮಾಡಿತು ಅಂದುಕೊಳ್ಳಿ. ಬಾಯಿ ಒಡೆಯುತ್ತೆ, ಆದರೆ ಮೈಚರ್ಮವನ್ನು 1 ಹಿಡಿದು ನಿಲ್ಲಿಸುತ್ತೆ. ಇದು ಬಾಯಿಗೆ ಸೀಮಿತವಾದ ವಲ್ಗ್ಯಾರಿಸ್. ಮುಂದೆ 1ರ ಮೇಲೂ ಪ್ರತಿಕಾಯ ಹುಟ್ಟಿದರೆ ಮೈಗೂ ಆಸರೆ ಇರುವುದಿಲ್ಲ, ಬಾಯಿ ಮೈ ಎರಡೂ ಒಡೆಯುತ್ತವೆ. ನಿಮ್ಮ ಅಮ್ಮನಿಗೆ ಆಗಿರುವುದು ಬಹುಶಃ ಇದೇ. ಊಟದಲ್ಲಿ ಏನೋ ತಪ್ಪಾಯಿತು, ಬಾಯಿಯಿಂದ ಕೈಗೆ ಅಂಟಿತು ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ.

ಫೋಲಿಯೇಶಿಯಸ್‌ನಲ್ಲಿ ಪ್ರತಿಕಾಯ ಇರುವುದು 1ರ ಮೇಲೆ ಮಾತ್ರ. ಬಾಯಲ್ಲಿ 3 ಇದೆಯಲ್ಲ, ಅದು ಕಾಪಾಡುತ್ತೆ. ಅದಕ್ಕೇ ಆ ಚಿಕ್ಕಪ್ಪನಿಗೆ ಬಾಯಿ ಸರಿಯಾಗಿದೆ. ಮೈಯಲ್ಲೂ ಚರ್ಮ ಬಿಡುವುದು ತೀರಾ ಮೇಲಿನ ಪದರದಲ್ಲಿ, ಹಾಗಾಗಿ ಬೊಬ್ಬೆ ಕಣ್ಣಿಗೆ ಬೀಳುವ ಮೊದಲೇ ಒಡೆದು ಹಕ್ಕಳೆ ಕಟ್ಟಿರುತ್ತೆ. ವಲ್ಗ್ಯಾರಿಸ್‌ನಲ್ಲಿ ಬಿರುಕು ತಳದ ಪದರದ ಸ್ವಲ್ಪ ಮೇಲೆ, ಅಂದರೆ ಆಳದಲ್ಲಿ. ಅದಕ್ಕೇ ಹಸಿಗಾಯ, ಉರಿ, ನೀರು ಸೋರುವುದು, ಇನ್‌ಫೆಕ್ಷನ್ ಭಯ ಎಲ್ಲ ಜಾಸ್ತಿ. ಡೋಸ್ ಯಾಕೆ ಬೇರೆ ಅನ್ನುವುದಕ್ಕೆ ಅರ್ಧ ಕಾರಣ ಇದು. ಇನ್ನರ್ಧ, ಮೈಯ ಎಷ್ಟು ಭಾಗ ಹೋಗಿದೆ ಮತ್ತು ನುಂಗಲು ಆಗುತ್ತಿದೆಯೋ ಇಲ್ಲವೋ ಅನ್ನುವುದು. ಬರೀ ಹೆಸರು ನೋಡಿ ಯಾರೂ ಡೋಸ್ ಬರೆಯುವುದಿಲ್ಲ.

ಅಂದ ಹಾಗೆ ವಲ್ಗ್ಯಾರಿಸ್ ಇರುವ ಅರ್ಧಕ್ಕಿಂತ ಜಾಸ್ತಿ ಜನರಿಗೆ ಶುರುವಾಗುವುದು ಬಾಯಲ್ಲೇ. ವಾರಗಟ್ಟಲೆ ಮಾಯದ, ಜಾಗ ಜಾಗದಲ್ಲಿ ಏಳುವ ಬಾಯಿಹುಣ್ಣಿಗೆ ವಿಟಮಿನ್ ಕೊಡುತ್ತಾ ಕೂರುವುದು ನಮ್ಮ ಕಡೆ ತುಂಬಾ ಸಾಮಾನ್ಯ. ದಂತವೈದ್ಯರು ಇದನ್ನು ಗುರುತಿಸಿ ಕಳಿಸಿಕೊಟ್ಟ ಕೇಸುಗಳನ್ನು ನಾನೇ ನೋಡಿದ್ದೇನೆ.

ರಾಯಚೂರು ಅಕ್ಕ

ಫೋಲಿಯೇಶಿಯಸ್ ಅಂದರೆ ಸಲೀಸು ಅಂತ ಮಾತ್ರ ತಿಳಿಯಬೇಡಿ ತಂಗಿ. ನಮ್ಮ ಯಜಮಾನರಿಗೆ ಅದೇ ಇದೆ. ಮೊದಲು ತಲೆಯಲ್ಲಿ ಹೊಟ್ಟು, ಆಮೇಲೆ ಮೂಗಿನ ಪಕ್ಕ, ಎದೆ ನಡುವೆ, ಬೆನ್ನಿನ ಮೇಲ್ಭಾಗ. ತಲೆಹೊಟ್ಟು ಅಂತ ಶಾಂಪೂ ಕೊಟ್ಟರು, ಸೋರಿಯಾಸಿಸ್ ಅಂತ ಒಬ್ಬರು ಅಂದರು. ಬೆಳಿಗ್ಗೆ ಹಾಸಿಗೆ ಕೊಡವಿದರೆ ಸಿಪ್ಪೆ ಸಿಪ್ಪೆಯಾಗಿ ಬೀಳುತ್ತಿತ್ತು. ವಾಸನೆ ಬೇರೆ. ಅವರು ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟರು. ನಮ್ಮ ಕಡೆ ಬಿಸಿಲು ನಿಮಗೆ ಗೊತ್ತಲ್ಲ, ಬಿಸಿಲಿಗೆ ಹೋಗಿ ಬಂದ ದಿನ ಕೆರಳುತ್ತಿತ್ತು. ಬೇಸಿಗೆಯಲ್ಲಿ ಮಧ್ಯಾಹ್ನ ಹೊಲಕ್ಕೆ ಹೋಗುವುದನ್ನು ಪೂರ್ತಿ ನಿಲ್ಲಿಸಿದ ಮೇಲೆ ಎಷ್ಟೋ ವಾಸಿ.

ಬಾಯಿ ಚೆನ್ನಾಗಿದ್ದದ್ದು ಮಾತ್ರ ದೊಡ್ಡ ಪುಣ್ಯ. ಊಟ ಸೇರುತ್ತಿತ್ತು, ಮೈಯಲ್ಲಿ ಶಕ್ತಿ ಇತ್ತು. ನಿಮ್ಮ ಅಮ್ಮನಿಗೆ ಊಟದ ಕಡೆಯೇ ನೋಡಿ ಮೊದಲು. ರಾಗಿ ಅಂಬಲಿ ತಣ್ಣಗೆ ಮಾಡಿ, ಹೆಸರುಬೇಳೆ ನುಣ್ಣಗೆ ಬೇಯಿಸಿ, ಮೊಟ್ಟೆ ತಿನ್ನುವವರಾದರೆ ಮೆತ್ತಗೆ ಬೇಯಿಸಿ ಕೊಡಿ. ನೀರು ಸೋರುವ ಗಾಯದಲ್ಲಿ ಮೈಯ ಪ್ರೋಟೀನೂ ಹೋಗುತ್ತೆ ಅಂತ ನಮ್ಮ ಡಾಕ್ಟರ್ ಹೇಳಿದ್ದರು.

ಮೈಸೂರು ವಿನಯ್

ಹಾಗಾದರೆ ಒಂದು ಮಾತು. ರಿಪೋರ್ಟ್ ತಪ್ಪಿರಬಹುದಲ್ವಾ? ಇನ್ನೊಮ್ಮೆ ಟೆಸ್ಟ್ ಮಾಡಿಸಿ. ಪೆಂಫಿಗಾಯ್ಡ್ ಆಗಿದ್ದರೆ ಒಳ್ಳೆಯದು, ಅದು ಹಗುರವಾದದ್ದು, ಮುಲಾಮಿನಲ್ಲೇ ಹೋಗುತ್ತೆ ಅಂತ ಕೇಳಿದ್ದೇನೆ.

ಚರ್ಮ ವಿಭಾಗದ ಪಿಜಿ

ವಿನಯ್ ಸರ್, ಇದನ್ನು ಒಪ್ಪಲು ಆಗುವುದಿಲ್ಲ. ಪೆಂಫಿಗಾಯ್ಡ್ ಬರುವುದು ಹೆಚ್ಚಾಗಿ 70 ದಾಟಿದವರಿಗೆ. ಆ ವಯಸ್ಸಿನಲ್ಲಿ ಶುಗರ್, ಬಿಪಿ, ಮರೆವು ಎಲ್ಲ ಇರುತ್ತೆ, ಮೈ ಸ್ಟಿರಾಯ್ಡನ್ನು ತಾಳುವುದಿಲ್ಲ. ಆ ವಯಸ್ಸಿನವರು ಇದರಿಂದ, ಇದರ ಔಷಧಿಯಿಂದ ಸೊರಗಿ ತೀರಿಕೊಳ್ಳುವುದೂ ಉಂಟು. ಹಗುರ ಅನ್ನಲು ಬರುವುದಿಲ್ಲ.

ಕಾಯಿಲೆಯೂ ಬೇರೆಯೇ. ಅಲ್ಲಿ ಬಿರುಕು ಬಿಡುವುದು ಮೇಲ್ಚರ್ಮ ಒಳಚರ್ಮಕ್ಕೆ ಕೂಡುವ ಜಾಗದಲ್ಲಿ. ಪ್ರತಿಕಾಯ ಬೀಳುವ ಪ್ರೋಟೀನುಗಳ ಹೆಸರು ಬಿಪಿ 180, ಬಿಪಿ 230 (ರಕ್ತದೊತ್ತಡದ ಬಿಪಿ ಅಲ್ಲ). ಬೊಬ್ಬೆಯ ಮೇಲೆ ಇಡೀ ಮೇಲ್ಚರ್ಮವೇ ಇರುವುದರಿಂದ ಅದು ಬಿಗಿಯಾಗಿ ಉಬ್ಬಿ ನಿಲ್ಲುತ್ತೆ, ಬೇಗ ಒಡೆಯುವುದಿಲ್ಲ. ವಲ್ಗ್ಯಾರಿಸ್ ಬೊಬ್ಬೆ ಜೋಲು ಬಿದ್ದಿರುತ್ತೆ, ಬಟ್ಟೆ ತಾಗಿದರೂ ಒಡೆಯುತ್ತೆ. ಪೆಂಫಿಗಾಯ್ಡ್‌ನಲ್ಲಿ ತುರಿಕೆ ವಿಪರೀತ, ಎಷ್ಟೋ ಸಲ ಬೊಬ್ಬೆ ಏಳುವ ತಿಂಗಳುಗಳ ಮೊದಲೇ ತುರಿಕೆ. ಬಾಯಿಗೆ ಬರುವುದು ಕಡಿಮೆ. 1953ರಲ್ಲಿ ಲೀವರ್ ಎಂಬ ವೈದ್ಯರು ಇವೆರಡೂ ಬೇರೆ ಅಂತ ತೋರಿಸುವವರೆಗೆ ಎರಡನ್ನೂ ಒಂದೇ ಗುಂಪಿಗೆ ಸೇರಿಸುತ್ತಿದ್ದರು. ಆ ಅಜ್ಜಿಗೆ ಶುಗರ್ ಇದ್ದು ವಿಲ್ಡಾಗ್ಲಿಪ್ಟಿನ್ ಥರದ ಗ್ಲಿಪ್ಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಚರ್ಮದ ಡಾಕ್ಟರಿಗೆ ಹೇಳಲು ಹೇಳಿ, ಆ ಮಾತ್ರೆಗಳಿಗೂ ಪೆಂಫಿಗಾಯ್ಡ್‌ಗೂ ಸಂಬಂಧ ಕಂಡುಬಂದಿದೆ. ತಾವೇ ನಿಲ್ಲಿಸುವುದು ಬೇಡ.

ಟೆಸ್ಟ್ ಬಗ್ಗೆ ವಿನಯ್ ಕೇಳಿದ್ದು ಮಾತ್ರ ಸರಿ. ಒಂದೇ ಬಯಾಪ್ಸಿ ಸಾಲದು. ಎರಡು ಚೂರು ತೆಗೆಯಬೇಕು. ಒಂದು ಹೊಸ ಬೊಬ್ಬೆಯಿಂದ, ಚೂರು ಕೆಡದಂತೆ ಇಡುವ ಫಾರ್ಮಲಿನ್ ದ್ರವದಲ್ಲಿ. ಬಿರುಕು ಯಾವ ಮಟ್ಟದಲ್ಲಿದೆ ಅಂತ ಅದು ಹೇಳುತ್ತೆ. ಇನ್ನೊಂದು ಬೊಬ್ಬೆಯ ಪಕ್ಕದ ಚೆನ್ನಾಗಿರುವ ಚರ್ಮದಿಂದ, ಇದನ್ನು ಫಾರ್ಮಲಿನ್‌ಗೆ ಹಾಕಿದರೆ ಕೆಲಸ ಕೆಟ್ಟಿತು, ಮೈಕೆಲ್ಸ್ ಮೀಡಿಯಂ ಅನ್ನುವ ದ್ರವದಲ್ಲೇ ಕಳಿಸಬೇಕು. ಇದು ಡೈರೆಕ್ಟ್ ಇಮ್ಯುನೊಫ್ಲೋರೆಸೆನ್ಸ್, ಚರ್ಮಕ್ಕೆ ಅಂಟಿರುವ ಪ್ರತಿಕಾಯ ಹೊಳೆದು ಕಾಣುವ ಹಾಗೆ ಮಾಡುವ ಟೆಸ್ಟ್. ಪೆಂಫಿಗಸ್ ಆದರೆ ಜೀವಕೋಶಗಳ ನಡುವೆ ಬಲೆ ಬಲೆಯಾಗಿ ಹೊಳೆಯುತ್ತೆ, ಪೆಂಫಿಗಾಯ್ಡ್ ಆದರೆ ತಳದಲ್ಲಿ ಒಂದೇ ಗೆರೆ. ಆದರೆ ಈ ಬಲೆಯನ್ನು ನೋಡಿ ವಲ್ಗ್ಯಾರಿಸ್ಸೋ ಫೋಲಿಯೇಶಿಯಸ್ಸೋ ಅಂತ ಬೇರ್ಪಡಿಸುವುದು ಕಷ್ಟ. ಅದಕ್ಕೆ ಮೊದಲ ಚೂರು ಬೇಕು, ಜೊತೆಗೆ ಡೆಸ್ಮೋಗ್ಲೀನ್ 1 ಮತ್ತು 3ರ ಮೇಲಿನ ಪ್ರತಿಕಾಯ ರಕ್ತದಲ್ಲಿ ಎಷ್ಟಿದೆ ಅಂತ ಅಳೆಯುವ ಎಲೈಸಾ ಟೆಸ್ಟ್ ಆದರೆ ಇನ್ನೂ ಒಳ್ಳೆಯದು. ನಿಮ್ಮ ರಿಪೋರ್ಟಿನಲ್ಲಿ ‘ಸುಪ್ರಾಬೇಸಲ್’, ಅಂದರೆ ತಳದ ಪದರದ ಮೇಲೆ, ಅನ್ನುವ ಪದ ಇದೆಯಾ ನೋಡಿ. ಇದ್ದು, ಬಾಯಲ್ಲೂ ಹುಣ್ಣಿದ್ದರೆ ವಲ್ಗ್ಯಾರಿಸ್ ಅನ್ನುವುದರಲ್ಲಿ ಅನುಮಾನ ಕಡಿಮೆ.

ಅರಸೀಕೆರೆ ಹುಡುಗಿ

ಸುಪ್ರಾಬೇಸಲ್ ಅಂತಲೇ ಇದೆ! ಇಮ್ಯುನೊಫ್ಲೋರೆಸೆನ್ಸ್ ಆಗಿಲ್ಲ, ಕೇಳುತ್ತೇನೆ. ಲೋಟ ತಟ್ಟೆ ಒಟ್ಟಿಗೆ ಆಯಿತು, ನಿಮ್ಮ ಉತ್ತರವನ್ನೇ ಮನೆಯಲ್ಲಿ ಜೋರಾಗಿ ಓದಿ ಹೇಳಿದೆ.

ಇನ್ನೂ ಎರಡು ಮೂರು ಇವೆ. ಅಣ್ಣನ ಕ್ಯಾನ್ಸರ್ ಭಯಕ್ಕೆ ಏನು ಹೇಳಲಿ? ರಿಟುಕ್ಸಿಮ್ಯಾಬ್ ಬೇಡ, ಹಳೇ ಪಲ್ಸ್ ಚಿಕಿತ್ಸೆಯೇ ಸಾಕು ಅಂತ ಒಬ್ಬರು ಅಂದರು, ಯಾವುದು ಒಳ್ಳೆಯದು? ಮತ್ತೆ ದೊಡ್ಡಮ್ಮ ಇದು ಸರ್ಪಸುತ್ತು, ನಾಗದೋಷ ಇದೆ, ಕುಕ್ಕೆಗೆ ಹೋಗಿ ಬರೋಣ, ಊರಲ್ಲಿ ಮಣ್ಣು ಹಚ್ಚುವವರಿಗೂ ತೋರಿಸೋಣ ಅನ್ನುತ್ತಿದ್ದಾರೆ. ಅಮ್ಮನಿಗೂ ಹೋಗುವ ಮನಸ್ಸಿದೆ.

ಪೆಂಫಿಗಸ್ ಜೊತೆ ಬದುಕು

ನನಗೆ ವಲ್ಗ್ಯಾರಿಸ್ ಬಂದು ಬಹಳ ವರ್ಷ ಆಯಿತು. ಈಗ ಮಾತ್ರೆ ಇಲ್ಲದೆ ಇದ್ದೇನೆ. ಅಮ್ಮನಿಗೆ ಮೊದಲು ಇದನ್ನು ಹೇಳಿ.

ಕುಕ್ಕೆಗೆ ಖಂಡಿತ ಹೋಗಿ ಬನ್ನಿ, ಮನಸ್ಸಿಗೆ ಸಮಾಧಾನ ಆಗುತ್ತೆ ಅಂದರೆ ಯಾಕೆ ತಡೆಯಬೇಕು. ಡಾಕ್ಟರನ್ನು ಕೇಳಿ, ಹಸಿಗಾಯ ಸ್ವಲ್ಪ ಒಣಗಿದ ಮೇಲೆ, ಜನ ಕಡಿಮೆ ಇರುವ ದಿನ ಹೋಗಿ. ಮಾತ್ರೆ ಚೀಲದಲ್ಲಿರಲಿ, ಒಂದು ಹೊತ್ತೂ ತಪ್ಪಬಾರದು. ಆದರೆ ಮಣ್ಣು, ಕಾವಿ, ಸೊಪ್ಪಿನ ರಸ ಇವನ್ನು ಹಸಿಗಾಯಕ್ಕೆ ಹಚ್ಚಲು ಬಿಡಲೇಬೇಡಿ. ಸರ್ಪಸುತ್ತು ಬೇರೆ. ಅದು ವೈರಸ್, ಮೈಯ ಒಂದೇ ಬದಿಗೆ ಪಟ್ಟಿಯ ಹಾಗೆ ಏಳುತ್ತೆ, ಎರಡು ಮೂರು ವಾರದಲ್ಲಿ ಸಾಮಾನ್ಯವಾಗಿ ತಾನೇ ಒಣಗುತ್ತೆ. ಮಣ್ಣು ಹಚ್ಚಿದವರಿಗೆ ವಾಸಿಯಾಯಿತು ಅನ್ನುವುದು ಅದಕ್ಕೇ. ಪೆಂಫಿಗಸ್ ಹಾಗೆ ತಾನಾಗಿ ಹೋಗುವುದಿಲ್ಲ. 1950ರ ದಶಕದಲ್ಲಿ ಸ್ಟಿರಾಯ್ಡ್ ಬರುವ ಮೊದಲು ವಲ್ಗ್ಯಾರಿಸ್ ಬಂದವರಲ್ಲಿ ಹೆಚ್ಚಿನವರು ಉಳಿಯುತ್ತಿರಲಿಲ್ಲ. ಈಗಲೂ ಪ್ರಾಣಕ್ಕೆ ಕುತ್ತು ತರುವುದು ಬಹುತೇಕ ಇನ್‌ಫೆಕ್ಷನ್. ಸ್ಟಿರಾಯ್ಡ್ ತೆಗೆದುಕೊಳ್ಳುವವರ ಹಸಿಗಾಯಕ್ಕೆ ಮಣ್ಣು ಹಚ್ಚಿದರೆ ಏನಾಗಬಹುದು, ಯೋಚಿಸಿ.

ಮನೆಯ ಆರೈಕೆ ಹೇಳುತ್ತೇನೆ, ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಮೈ ಹಸಿಯಾಗಿದ್ದಾಗ ಹತ್ತಿ ಬೆಡ್‌ಶೀಟ್ ಅಂಟಿಕೊಳ್ಳುತ್ತೆ, ಹೊರಳಿದರೆ ಚರ್ಮ ಸಮೇತ ಬರುತ್ತೆ. ಎಳೆ ಬಾಳೆಲೆ ತನ್ನಿ. ವಾರ್ಡುಗಳಲ್ಲೂ ಬಾಳೆಲೆ ಬಳಸುತ್ತಾರೆ. ಚೆನ್ನಾಗಿ ತೊಳೆದು, ಶುದ್ಧ ಮಾಡುವ ಬಗೆಯನ್ನು ನರ್ಸ್ ಹತ್ತಿರ ಕೇಳಿಕೊಂಡು, ನಡುದಿಂಡು ತೆಗೆದು, ನುಣುಪಾದ ಬದಿ ಮೈಗೆ ಬರುವ ಹಾಗೆ ಬೆನ್ನಿನ ಕೆಳಗೆ ಹಾಸಿ. ತಂಪಾಗಿರುತ್ತೆ, ಅಂಟುವುದಿಲ್ಲ, ಎದ್ದ ಮೇಲೆ ಹೊಸದು ಹಾಕಿದರಾಯಿತು. ನನಗೆ ಆ ದಿನಗಳಲ್ಲಿ ನಿದ್ದೆ ಬಂದದ್ದು ಅದರ ಮೇಲೆಯೇ. ರವಿಕೆ ಬೇಡ, ಸಡಿಲವಾದ ಹಳೇ ನೈಟಿ, ಒಳಗಿನ ಹೊಲಿಗೆ ಹೊರಗೆ ಬರುವ ಹಾಗೆ ತಿರುಗಿಸಿ ಹಾಕಿ. ಹಲ್ಲುಜ್ಜಲು ಮಕ್ಕಳ ಮೆತ್ತನೆಯ ಬ್ರಷ್. ಖಾರ, ಹುಳಿ, ಚಕ್ಕುಲಿ ನಿಪ್ಪಟ್ಟು ಥರದ ಗಟ್ಟಿ ತಿಂಡಿ ಸದ್ಯಕ್ಕೆ ಬೇಡ. ಬೆಳ್ಳುಳ್ಳಿ ಈರುಳ್ಳಿ ಕೆಲವರಿಗೆ ಆಗುವುದಿಲ್ಲ ಅನ್ನುತ್ತಾರೆ. ನನಗೇನೂ ವ್ಯತ್ಯಾಸ ಆಗಲಿಲ್ಲ. ತಿಂದಾಗ ಕೆರಳಿದರೆ ಬಿಡಿ, ಇಲ್ಲದಿದ್ದರೆ ಸುಮ್ನೆ ಪಥ್ಯ ಮಾಡಿಸಿ ಇನ್ನಷ್ಟು ಸೊರಗಿಸಬೇಡಿ.

ಒಂದೇ ಒಂದು ಕೇಳಿಕೊಳ್ಳುವುದು. ಬೊಬ್ಬೆ ನಿಂತವು ಅಂತ ಸ್ಟಿರಾಯ್ಡನ್ನು ತಾವಾಗಿ ನಿಲ್ಲಿಸುವ ಕೆಲಸಕ್ಕೆ ಕೈ ಹಾಕಬೇಡಿ. ಕಾಯಿಲೆ ಮರಳುವುದು ಒಂದು, ಅದಕ್ಕಿಂತ ದಿಢೀರನೆ ಬಿಪಿ ಇಳಿದು ಕುಸಿದು ಬೀಳುವ ಅಪಾಯ ಇದೆ.

ಚರ್ಮ ವಿಭಾಗದ ಪಿಜಿ

ಮೇಲಿನವರು ಹೇಳಿದ್ದಕ್ಕೆ ನನ್ನದೂ ಪೂರ್ತಿ ಒಪ್ಪಿಗೆ. ಬಾಕಿ ಪ್ರಶ್ನೆಗಳಿಗೆ ಬರುತ್ತೇನೆ.

ಕ್ಯಾನ್ಸರ್ ಜೊತೆ ಬರುವುದು ಪ್ಯಾರಾನಿಯೋಪ್ಲಾಸ್ಟಿಕ್ ಪೆಂಫಿಗಸ್ ಅನ್ನುವ ಬೇರೆಯೇ ವಿಧ. 1990ರಲ್ಲಿ ಆನ್‌ಹಾಲ್ಟ್ ಮತ್ತು ಜೊತೆಯವರು ಇದನ್ನು ಬೇರೆಯಾಗಿ ಗುರುತಿಸಿದರು. ತುಂಬಾ ಅಪರೂಪ. ಲಿಂಫೋಮಾ ಅನ್ನುವ ದುಗ್ಧಗ್ರಂಥಿಯ ಕ್ಯಾನ್ಸರ್, ಇನ್ನೊಂದು ಬಗೆಯ ರಕ್ತದ ಕ್ಯಾನ್ಸರ್, ದುಗ್ಧಗ್ರಂಥಿ ಊದುವ ಕ್ಯಾಸಲ್‌ಮನ್ ಕಾಯಿಲೆ, ಎದೆಯೊಳಗಿನ ಥೈಮಸ್ ಗ್ರಂಥಿಯ ಗೆಡ್ಡೆಯಾದ ಥೈಮೋಮಾ ಇಂಥವುಗಳ ಜೊತೆ ಬರುತ್ತೆ. ಅಲ್ಲಿ ಬಾಯಿಹುಣ್ಣು ಬಹಳ ಭೀಕರ, ತುಟಿಯ ಮೇಲೆಲ್ಲ ರಕ್ತದ ಹಕ್ಕಳೆ, ಕಣ್ಣು ಕೆಂಪು, ಮೈಯಲ್ಲಿ ಬೊಬ್ಬೆ ಅಷ್ಟೇ ಅಲ್ಲದೆ ಬೇರೆ ಬೇರೆ ಥರದ ಗಾಯ, ಕೆಲವರಿಗೆ ಉಸಿರಾಟದ ತೊಂದರೆ. ಸ್ಟಿರಾಯ್ಡ್ ಕೊಟ್ಟರೂ ಬಾಯಿ ಜಗ್ಗುವುದಿಲ್ಲ. ಅಮ್ಮನಿಗೆ ಇವೆಲ್ಲ ಇಲ್ಲ, ಔಷಧಿಗೆ ಬಾಯಿ ನಿಧಾನಕ್ಕಾದರೂ ಒಣಗುತ್ತಿದೆ ಅಂದರೆ ಅಣ್ಣ ಆ ಯೋಚನೆ ಬಿಡಬಹುದು. ತೂಕ ಇಳಿದಿದೆ, ಗಂಟು ಕಾಣುತ್ತಿದೆ ಅಂದರೆ ಮಾತ್ರ ಡಾಕ್ಟರಿಗೆ ನೇರವಾಗಿ ಹೇಳಿ. ಉಣ್ಣಲಾಗದೆ ತೂಕ ಇಳಿಯುವುದು ವಲ್ಗ್ಯಾರಿಸ್‌ನಲ್ಲೂ ಇದ್ದೇ ಇದೆ, ಅದೊಂದನ್ನೇ ಹಿಡಿದು ಹೆದರಬೇಡಿ.

ಉಳಿದ ವಿಧಗಳು ಬೇಗ ಹೇಳಿಬಿಡುತ್ತೇನೆ. ವೆಜಿಟನ್ಸ್ ಅನ್ನುವುದು ವಲ್ಗ್ಯಾರಿಸ್‌ನದೇ ಒಂದು ರೂಪ, ಕಂಕುಳು ತೊಡೆಸಂದಿಯಲ್ಲಿ ದಪ್ಪ ದಪ್ಪಗೆ ಬೆಳೆಯುತ್ತೆ. ಎರಿತಿಮ್ಯಾಟೋಸಸ್ ಫೋಲಿಯೇಶಿಯಸ್‌ಗೆ ಸೇರಿದ್ದು, ಹೆಚ್ಚಾಗಿ ಮುಖದ ಮೇಲೆ. ಬ್ರೆಜಿಲ್‌ನ ಹಳ್ಳಿಗಾಡಿನಲ್ಲಿ ಫೋಲಿಯೇಶಿಯಸ್ ಊರೂರಲ್ಲೇ ಕಾಣಿಸುತ್ತೆ, ಅಲ್ಲಿ ಒಂದು ಜಾತಿಯ ಕಚ್ಚುವ ನೊಣದ ಮೇಲೆ ಅನುಮಾನ ಇದೆ. ಪೆನಿಸಿಲ್ಲಮೈನ್, ಕ್ಯಾಪ್ಟೊಪ್ರಿಲ್‌ನಂಥ ಔಷಧಿಯಿಂದಲೂ ಬರಬಹುದು, ಆದ್ದರಿಂದ ಅಮ್ಮನ ಹಳೇ ಮಾತ್ರೆಗಳ ಚೀಟಿ ಎಲ್ಲ ತೆಗೆದುಕೊಂಡು ಹೋಗಿ.

ಇನ್ನು ಪಲ್ಸ್ ಮತ್ತು ರಿಟುಕ್ಸಿಮ್ಯಾಬ್. ಪಲ್ಸ್ ಚಿಕಿತ್ಸೆ ನಮ್ಮ ದೇಶದ್ದೇ. ದೆಹಲಿಯ ಏಮ್ಸ್‌ನ ಡಾ. ಪಸ್ರಿಚಾ 1980ರ ದಶಕದಲ್ಲಿ ಶುರು ಮಾಡಿದರು. 28 ದಿನಕ್ಕೊಮ್ಮೆ, ಸತತ 3 ದಿನ ಡೆಕ್ಸಾಮೆಥಸೋನ್ ಅನ್ನುವ ಸ್ಟಿರಾಯ್ಡ್ 100 ಮಿಲಿಗ್ರಾಂ ಡ್ರಿಪ್, ಅದರಲ್ಲಿ ಒಂದು ದಿನ ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಸೈಕ್ಲೊಫಾಸ್ಫಮೈಡ್ 500 ಮಿಲಿಗ್ರಾಂ, ನಡುವಿನ ದಿನಗಳಲ್ಲಿ ಸೈಕ್ಲೊಫಾಸ್ಫಮೈಡ್‌ನದೇ 50 ಮಿಲಿಗ್ರಾಂ ಮಾತ್ರೆ. ಎಷ್ಟೋ ಬಡವರ ಪ್ರಾಣ ಉಳಿಸಿದ ಚಿಕಿತ್ಸೆ, ಹಳೇದು ಅಂತ ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ. ಆದರೆ ತಿಂಗಳು ತಿಂಗಳು ಬರಬೇಕು, ಬಹಳ ಕಾಲ ಎಳೆಯುತ್ತೆ, ಸೈಕ್ಲೊಫಾಸ್ಫಮೈಡ್ ಮಕ್ಕಳಾಗುವ ಶಕ್ತಿಯನ್ನು ಕೆಡಿಸಬಹುದು, ಮೂತ್ರಕೋಶಕ್ಕೂ ತೊಂದರೆ ಮಾಡಬಹುದು.

ರಿಟುಕ್ಸಿಮ್ಯಾಬ್ ಪ್ರತಿಕಾಯ ಮಾಡುವ ಬಿ ಕೋಶಗಳನ್ನೇ ಕಡಿಮೆ ಮಾಡುತ್ತೆ. ಸಾಮಾನ್ಯವಾಗಿ 1 ಗ್ರಾಂ, 2 ವಾರ ಬಿಟ್ಟು ಇನ್ನೊಂದು 1 ಗ್ರಾಂ. 2017ರಲ್ಲಿ ಫ್ರಾನ್ಸಿನವರ ಅಧ್ಯಯನ ಬಂತು. ಮೊದಲೇ ರಿಟುಕ್ಸಿಮ್ಯಾಬ್ ಜೊತೆ ಕಡಿಮೆ ಕಾಲದ ಸ್ಟಿರಾಯ್ಡ್ ಪಡೆದವರಲ್ಲಿ 2 ವರ್ಷದ ಹೊತ್ತಿಗೆ 89% ಜನ ಮಾತ್ರೆ ಬಿಟ್ಟು ಪೂರ್ತಿ ಚೆನ್ನಾಗಿದ್ದರು, ಬರೀ ಸ್ಟಿರಾಯ್ಡ್ ಪಡೆದವರಲ್ಲಿ 34%. ಅದಾದ ಮೇಲೆ 2018ರಲ್ಲಿ ಅಮೆರಿಕದಲ್ಲೂ ವಲ್ಗ್ಯಾರಿಸ್‌ಗೆ ಒಪ್ಪಿಗೆ ಸಿಕ್ಕಿತು. ನಿಮ್ಮ ಡಾಕ್ಟರ್ ಹೇಳುತ್ತಿರುವುದು ಈ ದಾರಿಯನ್ನೇ, ಕಾಯಿಲೆ ಕೈಮೀರಿದೆ ಅಂತ ಅಲ್ಲ. ನಮ್ಮಲ್ಲೇ ತಯಾರಾಗುವ ಬ್ರ್ಯಾಂಡುಗಳೂ ಇವೆ, ಖರ್ಚು ಮೊದಲಿನಷ್ಟಿಲ್ಲ. ಆದರೂ ಬಿಲ್ ಎಷ್ಟಾಗುತ್ತೆ, ಆಯುಷ್ಮಾನ್ ಕಾರ್ಡಿನಲ್ಲಿ ಏನಾದರೂ ಬರುತ್ತಾ ಅಂತ ಅಡ್ಮಿಟ್ ಆಗುವ ಮೊದಲೇ ಕೌಂಟರಿನಲ್ಲಿ ಕೇಳಿ.

ಡ್ರಿಪ್‌ಗೆ ಮೊದಲು ಹೆಪಟೈಟಿಸ್ ಬಿ ಟೆಸ್ಟ್ ಆಗಲೇಬೇಕು. ಎಚ್‌ಬಿಎಸ್ ಆಂಟಿಜೆನ್ ಒಂದೇ ಅಲ್ಲ, ಕೋರ್ ಆಂಟಿಬಾಡಿ ಕೂಡ. ಹಳೇ ಸೋಂಕು ಒಳಗೆ ಅಡಗಿದ್ದರೆ ಈ ಔಷಧಿ ಕೊಟ್ಟ ಮೇಲೆ ಮತ್ತೆ ಏಳಬಹುದು. ಎದೆ ಎಕ್ಸ್‌ರೇ, ಟಿಬಿ, ಎಚ್‌ಐವಿ, ಶುಗರ್ ಕೂಡ ನೋಡುತ್ತಾರೆ. ಔಷಧಿ ಹಾಕಿದ ಮರುದಿನವೇ ಒಣಗುತ್ತೆ ಅಂತ ಕಾಯಬೇಡಿ, ವಾರಗಳು ಹಿಡಿಯುತ್ತೆ. ಸ್ಟಿರಾಯ್ಡ್ ಇರುವಷ್ಟು ಕಾಲ ಕ್ಯಾಲ್ಸಿಯಂ, ವಿಟಮಿನ್ ಡಿ ಬಿಡಬೇಡಿ.

ರಾಯಚೂರು ಅಕ್ಕ

ನಮ್ಮ ಯಜಮಾನರಿಗೆ ಎಲೈಸಾ ಸಂಖ್ಯೆ ಇಳಿದಿಲ್ಲ, ಮೈ ಮಾತ್ರ ಸ್ವಚ್ಛ ಇದೆ. ಚಿಂತೆ ಮಾಡಬೇಕಾ ಸರ್?

ಚರ್ಮ ವಿಭಾಗದ ಪಿಜಿ

ಅಕ್ಕ, ನಾವು ಮೊದಲು ನೋಡುವುದು ಮೈಯನ್ನು, ಸಂಖ್ಯೆಯನ್ನಲ್ಲ. ಡೆಸ್ಮೋಗ್ಲೀನ್ 1ರ ಮಟ್ಟ ಸಾಮಾನ್ಯವಾಗಿ ಚರ್ಮದ ಸ್ಥಿತಿಯ ಜೊತೆ ಏರಿಳಿಯುತ್ತೆ, 3 ಎಷ್ಟೋ ಸಲ ವಾಸಿಯಾದ ಮೇಲೂ ಹಾಗೇ ಉಳಿಯುತ್ತೆ. ನಿಮ್ಮದು ಫೋಲಿಯೇಶಿಯಸ್, ಅಂದರೆ ಜಾಸ್ತಿ ಇರುವುದು 1. ಮೈ ಸ್ವಚ್ಛ ಇರುವುದರಿಂದ ಹೆದರುವುದು ಬೇಡ, ಆದರೆ ಆ 1 ಇಳಿಯದೆ ಇರುವುದರಿಂದ ಮಾತ್ರೆ ಇಳಿಸುವಾಗ ನಿಧಾನ ಇರಲಿ, ತಲೆಯಲ್ಲಿ ಹೊಸ ಹಕ್ಕಳೆ ಕಂಡರೆ ಮುಂದಿನ ತಾರೀಕಿಗೆ ಕಾಯದೆ ತೋರಿಸಿ.

ಅರಸೀಕೆರೆ ಹುಡುಗಿ

ಎಲ್ಲರಿಗೂ ತುಂಬಾ ಧನ್ಯವಾದ. ಅಣ್ಣ ಓದಿದ, ರಾತ್ರಿ ಊಟ ಮಾಡಿದ. ಅಮ್ಮನ ಫೈಲ್ ಈಗ ತೆಗೆದು ನೋಡಿದೆ, ಎಚ್‌ಬಿಎಸ್ ಆಂಟಿಜೆನ್ ನೆಗೆಟಿವ್ ಅಂತ ಒಂದು ರಿಪೋರ್ಟ್ ಇದೆ, ಕೋರ್ ಆಂಟಿಬಾಡಿ ಮಾಡಿಸಿಲ್ಲ. ಸೋಮವಾರ ಹೋದಾಗ ಅದನ್ನೂ ಇಮ್ಯುನೊಫ್ಲೋರೆಸೆನ್ಸನ್ನೂ ಒಟ್ಟಿಗೆ ಕೇಳುತ್ತೇನೆ. ಮೈಕೆಲ್ಸ್ ಮೀಡಿಯಂ ಆಸ್ಪತ್ರೆಯಲ್ಲೇ ಇರುತ್ತಾ, ಅಥವಾ ನಾವು ಲ್ಯಾಬ್‌ನಿಂದ ಮೊದಲೇ ತಂದುಕೊಡಬೇಕಾ?

ಚರ್ಮ ವಿಭಾಗದ ಪಿಜಿ

ಮೆಡಿಕಲ್ ಕಾಲೇಜಿನ ಚರ್ಮ ವಿಭಾಗ ಆದರೆ ಸಾಮಾನ್ಯವಾಗಿ ಇರುತ್ತೆ. ಚಿಕ್ಕ ಕ್ಲಿನಿಕ್ ಆದರೆ ಸ್ಯಾಂಪಲ್ ಕಳಿಸುವ ಲ್ಯಾಬಿನವರೇ ಬಾಟಲಿ ಕೊಡುತ್ತಾರೆ, ಶನಿವಾರವೇ ಫೋನ್ ಮಾಡಿ ಹೇಳಿಡಿ. ಚೂರು ತೆಗೆಯುವಾಗ ಬಾಟಲಿಯ ಮೇಲಿನ ಚೀಟಿ ಓದಿಕೊಳ್ಳಿ, ಅದು ಫಾರ್ಮಲಿನ್ ಅಲ್ಲ ತಾನೇ ಅಂತ.